ಡಾ. ಯಲ್ಲಾಪ್ರಗಡ ಸುಬ್ಬರಾವ್

ಮೈಸೂರು ಜಿಲ್ಲೆಯ ಕವಲಂದೆಯಂತಹ ಊರುಗಳಲ್ಲಿ ಕೀಲುನೋವನ್ನು ಮುಪ್ಪಿನ ಫಲವೆಂದು ಸಹಿಸಿಕೊಳ್ಳುವುದು ವಾಡಿಕೆ. ಆದರೆ ಪ್ರಾಯದವರನ್ನೂ ಬಿಡದ ಸಂಧಿವಾತವೊಂದುಂಟು. ಅದನ್ನು ವೈದ್ಯರು ರುಮಟಾಯಿಡ್ ಸಂಧಿವಾತವೆನ್ನುತ್ತಾರೆ. ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆರಗುತ್ತದೆ. ಪೊರೆ ಊದಿಕೊಂಡು ಮೃದ್ವಸ್ಥಿಯೂ ಮೂಳೆಯೂ ಸವೆಯುತ್ತವೆ. ಮುಂಜಾನೆ ಬೆರಳುಗಳು ಬಿಗಿದುಕೊಂಡು ಮುದ್ದೆಕೋಲನ್ನು ಹಿಡಿಯುವುದೂ ಕಷ್ಟವಾಗುತ್ತದೆ. ಈ ವ್ಯಾಧಿಗೆ ಇಂದು ಸಾಮಾನ್ಯವಾಗಿ ಮೊದಲು ಕೊಡುವ ಔಷಧ ಮೆಥೊಟ್ರೆಕ್ಸೇಟ್. ಅದರ ಹಿಂದೆ ಭಾರತೀಯ ವಿಜ್ಞಾನಿಯೊಬ್ಬರ ಪರಿಶ್ರಮವಿದೆ.

ಸುಬ್ಬರಾಯರು 1895ರ ಜನವರಿ 12ರಂದು ಆಂಧ್ರದ ಭೀಮಾವರದಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣರಾಗಿ ಮೂರನೆಯ ಬಾರಿ ತೇರ್ಗಡೆ ಹೊಂದಿದರು. ಮದರಾಸಿನ ವೈದ್ಯ ಕಾಲೇಜಿನಲ್ಲಿ ಓದುತ್ತಿದ್ದಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಶಸ್ತ್ರಚಿಕಿತ್ಸೆಯ ವೇಳೆಯಲ್ಲಿಯೂ ಖಾದಿ ಉಡುಪನ್ನೇ ಧರಿಸಿದರು. ಪ್ರಾಧ್ಯಾಪಕರಿಗೆ ಇದು ಹಿಡಿಸಲಿಲ್ಲ. ಎಂ.ಬಿ.ಬಿ.ಎಸ್. ಪದವಿಗೆ ಬದಲಾಗಿ ಅದಕ್ಕಿಂತ ಕೆಳದರ್ಜೆಯ ಎಲ್.ಎಂ.ಎಸ್. ಅವರ ಪಾಲಿಗೆ ಬಂದಿತು. ಅದಕ್ಕಿಂತ ದೊಡ್ಡ ಆಘಾತವೆಂದರೆ, ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ಕರುಳಿನ ಬೇನೆಗೆ ಬಲಿಯಾದರು. ಆ ಬೇನೆಯ ಮದ್ದನ್ನು ಅರಸುವ ಹಂಬಲ ಅವರಲ್ಲಿ ಬೇರೂರಿತು.

ಪತ್ನಿಯನ್ನು ತಾಯ್ನಾಡಿನಲ್ಲಿ ಬಿಟ್ಟು ಅವರು ಅಮೆರಿಕದ ಬಾಸ್ಟನ್ ನಗರಕ್ಕೆ ತೆರಳಿದರು. ಮತ್ತೆ ಹಿಂದಿರುಗಲೇ ಇಲ್ಲ. ಹೊಟ್ಟೆಪಾಡಿಗಾಗಿ ಆಸ್ಪತ್ರೆಯಲ್ಲಿ ಕೀಳೆನ್ನಿಸುವ ಕೆಲಸಗಳನ್ನೂ ಮಾಡುತ್ತ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸಿದರು. ರಕ್ತದಲ್ಲಿನ ರಂಜಕವನ್ನು ಅಳೆಯಲು ಫಿಸ್ಕೆಯವರೊಡನೆ ಅವರು ರೂಪಿಸಿದ ವಿಧಾನ 1925ರಲ್ಲಿ ಪ್ರಕಟವಾಯಿತು. ಇಷ್ಟಾದರೂ ಅಲ್ಲಿ ಅವರಿಗೆ ಖಾಯಂ ಹುದ್ದೆ ಸಿಗಲಿಲ್ಲ.

1940ರಲ್ಲಿ ಅವರು ಲೆಡರ್ಲೆ ಪ್ರಯೋಗಾಲಯವನ್ನು ಸೇರಿದರು. ಅವರ ಮಾರ್ಗದರ್ಶನದ ತಂಡವು ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿ 1945ರಲ್ಲಿ ಆ ವಿಷಯವನ್ನು ಪ್ರಕಟಿಸಿತು. ಸಹೋದರರನ್ನು ಕೊಂದ ಸ್ಪ್ರೂ ರೋಗಕ್ಕೆ ಅದು ಮದ್ದಾಯಿತು. ಬಳಿಕ ತಂಡವು ರೂಪದಲ್ಲಿ ಫೋಲಿಕ್ ಆಮ್ಲವನ್ನೇ ಹೋಲುವ, ಆದರೆ ಅದರ ಕಾರ್ಯವನ್ನು ತಡೆಯುವ ವಸ್ತುಗಳನ್ನು ನಿರ್ಮಿಸಿತು. ಅಮಿನಾಪ್ಟೆರಿನ್ ಮತ್ತು ಮೆಥೊಟ್ರೆಕ್ಸೇಟ್ ಅಂತಹವು. ಬಾಸ್ಟನ್ನಿನ ಫಾರ್ಬರ್ ಅವರು ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳಿಗೆ ಅಮಿನಾಪ್ಟೆರಿನ್ ಕೊಟ್ಟು ತಾತ್ಕಾಲಿಕ ಉಪಶಮನವನ್ನು ಕಂಡರು. 1948ರ ಆಗಸ್ಟ್ ತಿಂಗಳಲ್ಲಿ, ಐವತ್ತಮೂರನೆಯ ವಯಸ್ಸಿನಲ್ಲಿ, ಸುಬ್ಬರಾಯರು ನಿಧನರಾದರು.

ತಮ್ಮ ಔಷಧ ಕೀಲುಗಳ ಬೇನೆಗೂ ಒದಗುವುದನ್ನು ಅವರು ಕಾಣಲಿಲ್ಲ. 1951ರಲ್ಲಿ ನ್ಯೂಯಾರ್ಕಿನ ಗಬ್ನರ್ ಮತ್ತು ಸಂಗಡಿಗರು ಅಮಿನಾಪ್ಟೆರಿನ್‌ನಿಂದ ಸಂಧಿವಾತ ಶಮನವಾಗುವುದನ್ನು ವರದಿ ಮಾಡಿದರು. ಆದರೆ ಆಗ ಕಾರ್ಟಿಸೋನ್ ಎಂಬ ಹೊಸ ಔಷಧದ ಬೆರಗಿನಲ್ಲಿ ವೈದ್ಯಲೋಕ ಮುಳುಗಿತ್ತು. ಈ ವರದಿಗೆ ಹೆಚ್ಚು ಗಮನ ಸಿಗಲಿಲ್ಲ. 1985ರಲ್ಲಿ ವೈನ್‌ಬ್ಲಾಟ್ ಮತ್ತು ಸಂಗಡಿಗರ ವ್ಯವಸ್ಥಿತ ಪರೀಕ್ಷೆಯು ಮೆಥೊಟ್ರೆಕ್ಸೇಟಿನ ಗುಣವನ್ನು ತೋರಿಸಿತು. 1988ರಲ್ಲಿ ಅಮೆರಿಕ ಸರ್ಕಾರವು ಅದನ್ನು ಸಂಧಿವಾತಕ್ಕೆ ಬಳಸಲು ಅನುಮತಿ ನೀಡಿತು.

ಈ ಗುಳಿಗೆಯನ್ನು ಸಂಧಿವಾತದವರು ವಾರಕ್ಕೊಂದು ದಿನ ಮಾತ್ರ ಸೇವಿಸಬೇಕು. ತಿಳಿಯದೆ ದಿನವೂ ನುಂಗಿದರೆ ಪ್ರಾಣಾಪಾಯ ಒದಗಬಹುದು. ಆದುದರಿಂದ ಮದ್ದು ಕೊಡುವಷ್ಟೇ ರೋಗಿಗೆ ತಿಳಿವಳಿಕೆ ಕೊಡುವುದೂ ಚಿಕಿತ್ಸೆಯ ಭಾಗವಾಗಿದೆ. ಕವಲಂದೆಯಿಂದ ಮೈಸೂರಿನ ದೊಡ್ಡಾಸ್ಪತ್ರೆಗೆ ಬರುವವರಿಗೂ ಇದು ಅನ್ವಯಿಸುತ್ತದೆ. ಸೇವಿಸಬೇಕಾದ ವಾರದ ಹೆಸರನ್ನು ಚೀಟಿಯಲ್ಲಿ ಬರೆದುಕೊಡಬೇಕು. ಆಗಾಗ ರಕ್ತಪರೀಕ್ಷೆ ನಡೆಸಬೇಕು. ಔಷಧದ ಅಡ್ಡ ಪರಿಣಾಮಗಳನ್ನು ತಗ್ಗಿಸಲು ಸಾಮಾನ್ಯವಾಗಿ ಬೇರೊಂದು ದಿನ ಮತ್ತೊಂದು ಗುಳಿಗೆಯನ್ನೂ ಕೊಡುತ್ತಾರೆ. ಅದು ಸುಬ್ಬರಾಯರ ತಂಡ ತಯಾರಿಸಿದ ಅದೇ ಫೋಲಿಕ್ ಆಮ್ಲ.