ಪಾಠಯೋಜನೆಯಲ್ಲಿ ಇಲ್ಲದ ಪ್ರಶ್ನೆ

ತುರುವೇಕೆರೆ ತಾಲ್ಲೂಕಿನ ಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಗೆ ನಾನು ಆರಿಸಿಕೊಂಡದ್ದು ಬಿ.ಎಂ. ಶ್ರೀಕಂಠಯ್ಯನವರ ಬದುಕನ್ನು. ಅವರು 1884ರಲ್ಲಿ ಇದೇ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದರು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡಕ್ಕೆ ದುಡಿದರು. 1911ರಲ್ಲಿ ಧಾರವಾಡದಲ್ಲಿ ಕನ್ನಡದ ಏಳಿಗೆಯ ಬಗ್ಗೆ ಉಪನ್ಯಾಸ ಕೊಟ್ಟರು; 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಹೊರತಂದರು. ಕುವೆಂಪು, ನೆರೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ.ನಂ. ಶ್ರೀಕಂಠಯ್ಯ ಅವರ ಶಿಷ್ಯರು.

ಇಷ್ಟನ್ನೂ ಇಸವಿವಾರು ಕಪ್ಪುಹಲಗೆಯ ಮೇಲೆ ಬರೆದೆ. ಮಕ್ಕಳು ತಲೆ ಬಗ್ಗಿಸಿ ಬರೆದುಕೊಂಡರು. ಕೊನೆಗೆ ಒಬ್ಬಳು, ರಿಟೈರಾದ ಮೇಲೆ ಅವರು ಏನು ಮಾಡಿದರೆಂದು ಕೇಳಿದಳು. ನನ್ನ ಪಾಠಯೋಜನೆಯಲ್ಲಿ ಅದಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಮರುದಿನ ಓದಿಕೊಂಡು ಹೋದೆ. ಮೈಸೂರು ವಿಶ್ವವಿದ್ಯಾನಿಲಯದಿಂದ ನಿವೃತ್ತರಾದ ಬಳಿಕ ಅವರು ಮನೆಯಲ್ಲಿ ಕೂರಲಿಲ್ಲ. ಧಾರವಾಡಕ್ಕೆ ಹೋಗಿ ಕೆ.ಇ. ಬೋರ್ಡಿನ ಕಲಾ ಕಾಲೇಜಿನ ಪ್ರಿನ್ಸಿಪಾಲರಾದರು. ಪದವಿ ವಿದ್ಯಾರ್ಥಿಗಳ ನಡುವೆ ಇರುವಾಗಲೇ, 1946ರ ಜನವರಿಯಲ್ಲಿ, ಅಲ್ಲೇ ತೀರಿಕೊಂಡರು.

ಈಗ ಎಲ್ಲರೂ ತಲೆ ಎತ್ತಿ ಕೇಳುತ್ತಿದ್ದರು. ತನ್ನ ತಾತ ಈ ವಯಸ್ಸಿನಲ್ಲೂ ತೆಂಗಿನ ಸಸಿ ನೆಡುತ್ತಾನೆ ಎಂದ ಒಬ್ಬ ಹುಡುಗ. ನನಗೆ, ವಿದ್ಯಾರ್ಥಿವೇತನದಲ್ಲಿ ಬಿ.ಎ. ಓದುವಾಗ ಸಂಜೆಗಳಲ್ಲಿ ನನ್ನ ಬರವಣಿಗೆ ತಿದ್ದಿದ ನಿವೃತ್ತ ಮೇಷ್ಟ್ರು ನೆನಪಾದರು. ಅವರು ತಿದ್ದದಿದ್ದರೆ ನಾನು ಆ ತರಗತಿಯಲ್ಲಿ ನಿಂತಿರುತ್ತಿರಲಿಲ್ಲ. ಪಾಠಯೋಜನೆಗೆ ಆ ಹುಡುಗಿಯ ಪ್ರಶ್ನೆಯನ್ನು ಸೇರಿಸಿದ್ದೇನೆ, ಮೊದಲ ಸಾಲಿನಲ್ಲೇ.