ನಾರಾಯಣ ವಾಮನ ಟಿಳಕರು

ಆದಿತ್ಯವಾರದ ಆರಾಧನೆಯಲ್ಲಿ ನಾವು ಎರಡು ಬಗೆಯ ಹಾಡುಗಳನ್ನು ಹಾಡುತ್ತೇವೆ. ಕೆಲವುಗಳ ರಾಗವು ಸಮುದ್ರದ ಆಚೆಯಿಂದ ಬಂದದ್ದು. ಕೆಲವುಗಳದು ನಮ್ಮ ದೇಶದ್ದೇ. ಮೊದಲನೆಯವುಗಳನ್ನು ಹಾಡುವಾಗ ಬಾಯಿ ಮುಚ್ಚಿ ಕೂತಿರುವ ಮುದುಕಿಯರು, ತಾಳ ತಟ್ಟಿ ಭಜನೆಯನ್ನೆತ್ತಿದ ಕೂಡಲೆ ಎಲ್ಲರಿಗಿಂತ ಮುಂದಾಗಿ ಹಾಡುವದನ್ನು ನಾವು ಕಂಡಿದ್ದೇವೆ. ಈ ಎರಡನೆಯ ದಾರಿಯನ್ನು ಮರಾಠೀ ಸಭೆಗಳಿಗೆ ಅಗಲಮಾಡಿಕೊಟ್ಟವರು ನಾರಾಯಣ ವಾಮನ ಟಿಳಕರು. ಇವರು ಲೋಕಮಾನ್ಯರಲ್ಲ, ಅದೇ ಮನೆತನದ ಹೆಸರುಳ್ಳ ಬೇರೊಬ್ಬರು.

ಇವರು 1861ನೇ ಇಸವಿಯಲ್ಲಿ ರತ್ನಾಗಿರಿ ಜಿಲ್ಲೆಯ ಕರಜಗಾಂವದಲ್ಲಿ ಚಿತ್ಪಾವನ ಬ್ರಾಹ್ಮಣ ಕುಲದಲ್ಲಿ ಹುಟ್ಟಿದರು. ಎಳವೆಯಿಂದಲೇ ಕವಿತ್ವವೂ ದೇಶಪ್ರೇಮವೂ ಇವರಲ್ಲಿ ನೆಲೆಸಿದ್ದವು. ಆದರೆ ಮನಸ್ಸಿಗೆ ಶಾಂತಿಯಿರಲಿಲ್ಲ, ಒಂದೂರಿನಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಹೀಗಿರಲು, ರೈಲಿನಲ್ಲಿ ಪ್ರಯಾಣಮಾಡುತ್ತಿದ್ದಾಗ ಪರಿಚಯವಿಲ್ಲದ ಯೂರೋಪಿಯನನೊಬ್ಬನು ಇವರಿಗೆ ಹೊಸ ಒಡಂಬಡಿಕೆಯ ಪುಸ್ತಕವನ್ನು ಕೊಟ್ಟನು. ಕರ್ತನ ಪರ್ವತಪ್ರಸಂಗವನ್ನು ಓದಿದಾಗ ಇವರ ಹೃದಯವು ಸೆರೆಯಾಯಿತು. 1895ನೇ ಫೆಬ್ರವರಿ 10ರಲ್ಲಿ ಬೊಂಬಾಯಿಯಲ್ಲಿ ದೀಕ್ಷಾಸ್ನಾನ ಹೊಂದಿದರು.

ಇದಕ್ಕೆ ಇವರು ತೆತ್ತ ಬೆಲೆ ಅಲ್ಪವಾದದ್ದಲ್ಲ. ಪತ್ನಿಯಾದ ಲಕ್ಷ್ಮೀಬಾಯಿಯವರು ದುಃಖದಿಂದ ಕಂಗೆಟ್ಟು ಬಂಧುಗಳ ಬಳಿಯಲ್ಲಿ ಉಳಿದರು. ನಾಲ್ಕು ವರುಷಗಳಿಗಿಂತ ಹೆಚ್ಚು ಕಾಲ ಅವರು ಅಗಲಿದ್ದರು. ತರುವಾಯ ಆ ತಾಯಿಯು ಅಹಮದನಗರಕ್ಕೆ ಬಂದು, ತನ್ನ ಮಡಿಯನ್ನೂ ಜಾತಿಯ ಅಭಿಮಾನವನ್ನೂ ಮೆಲ್ಲಮೆಲ್ಲನೆ ಬಿಟ್ಟು, 1900ರಲ್ಲಿ ತಾನಾಗಿಯೇ ಕ್ರಿಸ್ತನನ್ನು ಒಪ್ಪಿಕೊಂಡಳು. ಬಲವಂತದಿಂದ ಬಂದ ನಂಬಿಕೆಯಾಗಿದ್ದರೆ ಅದು ಅಷ್ಟು ಆಳವಾಗಿ ಬೇರೂರುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

ಅಹಮದನಗರದಲ್ಲಿ ಟಿಳಕರು ಸೆಮಿನರಿಯ ವಿದ್ಯಾರ್ಥಿಗಳಿಗೆ ಕಲಿಸಿದರು. 1904ರಲ್ಲಿ ಬೋಧಕರಾಗಿ ನೇಮಕಹೊಂದಿದರು. ಪರದೇಶದ ಹಾಡುಗಳ ಭಾಷಾಂತರವು ಸಾಮಾನ್ಯ ಜನರ ಹೃದಯವನ್ನು ಮುಟ್ಟದೆಂದು ಕಂಡು, ಅಭಂಗಗಳನ್ನೂ ಭಜನೆಗಳನ್ನೂ ರಚಿಸಿದರು. ಹರಿದಾಸರಂತೆ ನಿಂತು ಕೀರ್ತನೆಯ ರೂಪದಲ್ಲಿ ಸುವಾರ್ತೆಯನ್ನು ಸಾರಿದರು. ತುಕಾರಾಮರ ವಾಣಿಯೆಂಬ ಸೇತುವೆಯ ಮೇಲೆ ನಡೆದೇ ತಾವು ಕ್ರಿಸ್ತನ ಪಾದಕ್ಕೆ ಬಂದೆವೆಂಬದು ಅವರ ಭಾವನೆಯಾಗಿತ್ತು. ಮರಾಠೀ ಸಭೆಗಳ ಗೀತಪುಸ್ತಕವಾದ ಉಪಾಸನಾ ಸಂಗೀತದಲ್ಲಿ ಅವರ ಹಾಡುಗಳು 200ಕ್ಕಿಂತ ಹೆಚ್ಚಾಗಿವೆ.

1917ರಲ್ಲಿ ಅವರು ಮಿಶನ್ನಿನ ಸಂಬಳವನ್ನು ಬಿಟ್ಟು ದೇವಾಚಾ ದರಬಾರ ಎಂಬ ಕೂಟವನ್ನು ಆರಂಭಿಸಿದರು. ದೀಕ್ಷಾಸ್ನಾನ ಹೊಂದಿದವರೂ ಹೊಂದದವರೂ ಕ್ರಿಸ್ತನ ಶಿಷ್ಯರಾಗಿ ಅಲ್ಲಿ ಕೂಡಬಹುದಾಗಿತ್ತು. ಈ ಹೆಜ್ಜೆಯನ್ನು ಎಲ್ಲರೂ ಒಪ್ಪಲಾರರು. ನಾವೂ ಸಂಸ್ಕಾರವನ್ನು ಹಗುರವಾಗಿ ಎಣಿಸಲಾರೆವು. ಆದರೂ ಮನೆಯ ಹೊಸ್ತಿಲಲ್ಲಿ ನಿಂತವನನ್ನು ಒಳಗೆ ಕರೆಯಬೇಕೆಂಬ ಅವರ ತವಕವನ್ನು ನಾವು ತಪ್ಪೆನ್ನುವದಿಲ್ಲ. 1919ನೇ ಮೇ 9ರಲ್ಲಿ ಅವರು ಬೊಂಬಾಯಿಯಲ್ಲಿ ಕರ್ತನಲ್ಲಿ ನಿದ್ರೆಹೋದರು. ಅರ್ಧದಲ್ಲಿ ನಿಂತಿದ್ದ ಅವರ ಕ್ರಿಸ್ತಾಯನವೆಂಬ ಮಹಾಕಾವ್ಯವನ್ನು ಲಕ್ಷ್ಮೀಬಾಯಿಯವರೇ ಮುಂದುವರಿಸಿ ಪೂರ್ಣಮಾಡಿದರು. ಒಮ್ಮೆ ಗಂಡನ ನಂಬಿಕೆಗಾಗಿ ಅತ್ತ ಬಾಯಿಯೇ ಅವನ ಹಾಡನ್ನು ಮುಗಿಸಿತು.

ನಮ್ಮ ಕನ್ನಡ ನಾಡಿನಲ್ಲಿಯೂ ಕಿಟ್ಟೆಲ್ ಪಾದ್ರಿಗಳು 1862ರಲ್ಲಿಯೇ ಕಥಾಮಾಲೆಯಲ್ಲಿ ಕರ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹಾಡಿದ್ದರು. ಆದಕಾರಣ ಸಹೋದರರೇ, ಹಳೆಯ ರಾಗಗಳನ್ನು ತಿರಸ್ಕರಿಸದಿರೋಣ. ಆದರೆ ತಾಳವನ್ನೂ ತಂಬೂರಿಯನ್ನೂ ದೇವಾಲಯದ ಬಾಗಿಲ ಹೊರಗೆ ಇಡದಿರೋಣ. ಆ ಮುದುಕಿಯರ ಬಾಯಿಯೂ ದೇವರ ಸ್ತೋತ್ರಕ್ಕಾಗಿಯೇ ಉಂಟುಮಾಡಲ್ಪಟ್ಟಿದೆಯಷ್ಟೆ.