ಆಲೂಗಡ್ಡೆ, ಅವರೆಕಾಳು ಮತ್ತು ಕಮಲಾ ಸೊಹೊನಿ

ಮೇಖ್ರಿ ಸರ್ಕಲ್‌ನಿಂದ ಯಶವಂತಪುರದ ಕಡೆ ಬಸ್ಸಲ್ಲಿ ಹೋಗುವಾಗ ಟಾಟಾ ಇನ್‌ಸ್ಟಿಟ್ಯೂಟನ್ನ ನೀವೆಲ್ಲಾ ನೋಡಿರ್ತೀರ. 1933ರಲ್ಲಿ ಕಮಲಾ ಭಾಗವತ್ ಅನ್ನೋ ಹುಡುಗಿ ಅಲ್ಲಿಗೆ ಸೀಟು ಕೇಳಿಕೊಂಡು ಬಂದರು. ಬಾಂಬೆ ಯೂನಿವರ್ಸಿಟಿಯ ಬಿಎಸ್ಸಿಯಲ್ಲಿ ಟಾಪರ್. ಅಪ್ಪ ಅದೇ ಸಂಸ್ಥೆಯಲ್ಲಿ ಓದಿದ ಕೆಮಿಸ್ಟ್. ಆದರೂ ಡೈರೆಕ್ಟರ್ ಸಿ.ವಿ. ರಾಮನ್ ಸೀಟು ಕೊಡಲಿಲ್ಲ. ಮಾರ್ಕ್ಸ್ ಕಮ್ಮಿ ಅಂತಲ್ಲ, ಹುಡುಗಿ ಅಂತ! ಕಮಲಾ ಪಟ್ಟು ಬಿಡದೆ ಅವರ ಆಫೀಸಿನ ಮುಂದೆ ಸತ್ಯಾಗ್ರಹ ಕೂತರು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತು ಹಾಕಿ. ಮೊದಲ ವರ್ಷ ರೆಗ್ಯುಲರ್ ವಿದ್ಯಾರ್ಥಿನಿ ಅಲ್ಲ, ಗೈಡ್ ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು, ಲ್ಯಾಬಿನ ವಾತಾವರಣ ಕೆಡಿಸಬಾರದು. ನೊಬೆಲ್ ಬಂದವರೂ ಹೀಗೆ ಯೋಚನೆ ಮಾಡ್ತಿದ್ರು ಅಂದ್ರೆ ನನಗಂತೂ ಬೇಜಾರಾಗುತ್ತೆ.

ಗೈಡ್ ಎಂ. ಶ್ರೀನಿವಾಸಯ್ಯ. ಅವರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ. ವರ್ಷ ಕಳೆಯೋದರೊಳಗೆ ರಾಮನ್ ಮನಸ್ಸು ಬದಲಾಯಿತು, ಮುಂದೆ ಬೇರೆ ಹುಡುಗಿಯರಿಗೂ ಬಾಗಿಲು ತೆರೆಯಿತು. 1936ರಲ್ಲಿ ಎಂಎಸ್ಸಿ, ಆಮೇಲೆ ಕೇಂಬ್ರಿಡ್ಜ್.

ಅಲ್ಲಿ ಸಿಕ್ಕಿದ್ದು ಆಲೂಗಡ್ಡೆ. ನಾವು ಉಸಿರಾಡಿದ ಆಕ್ಸಿಜನ್ ಕೆಲಸಕ್ಕೆ ಬರಬೇಕಾದರೆ ಜೀವಕೋಶದೊಳಗೆ ಎಲೆಕ್ಟ್ರಾನ್‌ಗಳು ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟಬೇಕು, ರಿಲೇ ಓಟದ ಬೇಟನ್ ಥರ. ಹಾಗೆ ದಾಟಿಸೋ, ಕಬ್ಬಿಣ ಇರುವ ಪ್ರೋಟೀನೇ ಸೈಟೋಕ್ರೋಮ್ ಸಿ. ಅದು ಗಿಡಗಳಲ್ಲೂ ಇದೆ ಅಂತ ಕಮಲಾ ಆಲೂಗಡ್ಡೆಯಲ್ಲಿ ತೋರಿಸಿದರು. ಥೀಸಿಸ್ ಬರೀ 40 ಪುಟ. (ನಮ್ಮ ಮಿನಿ ಪ್ರಾಜೆಕ್ಟ್ ರಿಪೋರ್ಟೇ ಅದಕ್ಕಿಂತ ದಪ್ಪ.) 1939ರಲ್ಲಿ ಪಿಎಚ್‌ಡಿ. ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದ ಮೊದಲ ಭಾರತೀಯ ಮಹಿಳೆ ಅಂತ ಅವರನ್ನ ಗುರುತಿಸ್ತಾರೆ.

ವಾಪಸ್ ಬಂದು ದೆಹಲಿ, ಕೂನೂರು; 1947ರಲ್ಲಿ ಮದುವೆಯಾಗಿ ಬಾಂಬೆ. ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಮಾಡಿದ ಒಂದು ಕೆಲಸ ನಮ್ಮ ಚನ್ನರಾಯಪಟ್ಟಣದವರಿಗೆ (ಹಾಸನದ್ದಲ್ಲ, ದೇವನಹಳ್ಳಿ ತಾಲ್ಲೂಕಿಂದು) ಬಹಳ ಹತ್ತಿರದ್ದು. ಹೊಟ್ಟೆಯಲ್ಲಿ ಪ್ರೋಟೀನ್ ಕತ್ತರಿಸೋ ಕಿಣ್ವ ಟ್ರಿಪ್ಸಿನ್. ಹಸಿ ಅವರೆಕಾಳಿನಲ್ಲಿ ಅದನ್ನ ತಡೆಯೋ ವಸ್ತು ಇದೆ. ಬೀಗದೊಳಗೆ ಸಿಕ್ಕಿಕೊಂಡ ತಪ್ಪು ಕೀ ಥರ ಟ್ರಿಪ್ಸಿನ್‌ಗೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತೆ. ಅದನ್ನ ಹರಳು ರೂಪದಲ್ಲಿ ಬೇರ್ಪಡಿಸಿ 1955ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಚೆನ್ನಾಗಿ ಬೇಯಿಸಿದರೆ ಅದರ ಶಕ್ತಿ ಬಹುಪಾಲು ಹೋಗುತ್ತೆ, ಹಾಗಾಗಿ ಹಿದುಕಿದ ಬೇಳೆ ಸಾರಿಗೆ ಏನೂ ಭಯವಿಲ್ಲ.

ತಾಳೆ ಜಾತಿಯ ಮರಗಳಿಂದ ಇಳಿಸೋ ನೀರಾ ಬಡವರ ಪೌಷ್ಟಿಕತೆಗೆ ಒಳ್ಳೇದು ಅಂತ ತೋರಿಸಿದ್ದಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಅದೇ ಸಂಸ್ಥೆಗೆ ಡೈರೆಕ್ಟರ್ ಕೂಡ ಆದರು, ಸ್ವಲ್ಪ ತಡವಾಗಿ. 1998ರಲ್ಲಿ ಐಸಿಎಂಆರ್ ದೆಹಲಿಯಲ್ಲಿ ಸನ್ಮಾನ ಇಟ್ಟುಕೊಂಡಿತ್ತು. ಆ ಸಮಾರಂಭದಲ್ಲೇ ಕುಸಿದುಬಿದ್ದರು, ಸ್ವಲ್ಪದರಲ್ಲೇ ತೀರಿಕೊಂಡರು.

ಅಂದಹಾಗೆ, ಟಾಟಾ ಇನ್‌ಸ್ಟಿಟ್ಯೂಟ್ ಪಕ್ಕದ ಆ ರಸ್ತೆಯ ಹೆಸರು ಸಿ.ವಿ. ರಾಮನ್ ರಸ್ತೆ.